ಹಗ್ಗ ಎಳೆಯುವ ಮಿಷನ್, ಬಟನ್ ಒತ್ತುವ ಮಿಷನ್: ತೋಟದಲ್ಲಿ ನನ್ನ ಅನುಭವ

ಮರ ಕೊಯ್ಯುವ ಮಿಷನ್ ತಗೊಳ್ಳಬೇಕು, ಪೆಟ್ರೋಲಿನದ್ದು ಒಳ್ಳೇದಾ, ಬ್ಯಾಟರಿಯದ್ದಾ? ನಮ್ಮ ಕಡೆ ಈಗ ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗಲೂ ಈ ಪ್ರಶ್ನೆ ಬರುತ್ತೆ. ನಾನು ತಿರುಗಿಸಿ ಕೇಳುವುದು ಒಂದೇ ಮಾತು. ವರ್ಷದಲ್ಲಿ ಎಷ್ಟು ದಿನ ಅದು ಸುಮ್ನೆ ಮೂಲೆಯಲ್ಲಿ ಕೂತಿರುತ್ತೆ? ಕೇಳಿದವರು ಮುಖ ಮುಖ ನೋಡುತ್ತಾರೆ. ಅವರಿಗೆ ಬೇಕಾಗಿದ್ದು ಸಿಸಿ ಎಷ್ಟು, ವೋಲ್ಟ್ ಎಷ್ಟು, ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಎಷ್ಟು ಇಂಚು ಅನ್ನುವ ಲೆಕ್ಕ. ನಾನೂ ಮೊದಲು ಅದೇ ಲೆಕ್ಕ ಹಾಕಿ ದುಡ್ಡು ಕಳೆದುಕೊಂಡವನು.

ನಮ್ಮದು ಮೂಡಿಗೆರೆ ತಾಲ್ಲೂಕು. ಆರು ಎಕರೆ ತೋಟ. ಮೇಲ್ಗಡೆ ಅರೇಬಿಕಾ, ಹಳ್ಳದ ಕಡೆ ರೋಬಸ್ಟಾ, ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರಗಳಿಗೆ ಮೆಣಸು, ಅಂಚಿನಲ್ಲಿ ಒಂದಿಷ್ಟು ಅಡಿಕೆ. ಇಷ್ಟರಲ್ಲಿ ಕೊಯ್ಯುವ ಕೆಲಸ ಏನಿರುತ್ತಪ್ಪಾ ಅಂತ ಬೆಂಗಳೂರಿನ ನೆಂಟರು ಕೇಳುತ್ತಾರೆ. ಮುಗಿಯುವುದೇ ಇಲ್ಲ ಸ್ವಾಮಿ. ಮಳೆ ಹಿಡಿಯುವ ಮೊದಲು ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವುದು. ಕೆಡವಿದ ಕೊಂಬೆಗಳನ್ನು ಕಾಫಿ ಗಿಡದ ಮೇಲಿಂದ ಎತ್ತಿ, ತುಂಡು ಮಾಡಿ, ಸೌದೆ ಕೊಟ್ಟಿಗೆಗೆ ಸೇರಿಸಬೇಕು. ಮಳೆಗಾಲದಲ್ಲಿ ಗಾಳಿಗೆ ಬಿದ್ದ ಮರ. ಮಳೆ ಬಿಟ್ಟ ಮೇಲೆ ಕಾಂಡ ಕೊರಕ ಹುಳ ಹತ್ತಿದ ಅರೇಬಿಕಾ ಗಿಡ ಹುಡುಕಿ ತೆಗೆಯುವುದು. ಬೇಲಿಗೆ ಕಂಬ. ಬಚ್ಚಲ ಒಲೆಗೆ ವರ್ಷವಿಡೀ ಸೌದೆ.

ಇದರಲ್ಲಿ ದೊಡ್ಡ ಮರ ಉರುಳಿಸುವ ಕೆಲಸ ಎಷ್ಟು? ವರ್ಷಕ್ಕೆ ಎರಡು ದಿನ, ಹೆಚ್ಚೆಂದರೆ ಮೂರು. ಇದು ನನಗೆ ಗೊತ್ತಾಗಿದ್ದು ಮೂರನೇ ಮಿಷನ್ ತಗೊಂಡ ಮೇಲೆ.

ಮೊದಲನೆಯದು ತಂದಿದ್ದು 2017ರಲ್ಲಿ. ಪೆಟ್ರೋಲಿನದ್ದು, 58 ಸಿಸಿ, 22 ಇಂಚಿನ ಬಾರ್, 8,500 ರೂಪಾಯಿ. ಆ ಬಾರಿನ ಉದ್ದಕ್ಕೇ ಮರುಳಾಗಿದ್ದೆ. ಅಂಗಡಿಯವನು ಒಂದೇ ಎಳೆತಕ್ಕೆ ಸ್ಟಾರ್ಟ್ ಮಾಡಿ ತೋರಿಸಿದ. ಅಂಗಡಿಯಲ್ಲಿ ಎಲ್ಲವೂ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತವೆ. ಮನೆಗೆ ಬಂದ ಮೇಲೆ ಯೋಚಿಸಿದೆ. ನಮ್ಮ ತೋಟದಲ್ಲಿ 22 ಇಂಚಿನ ಬಾರ್ ಬೇಕಾಗುವ ಮರ ಅಂದರೆ ಹಳೇ ಕಾಡು ಮರಗಳೇ. ಅವನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ನಮ್ಮ ಸ್ವಂತ ಜಾಗದಲ್ಲಿದ್ದರೂ ಅಷ್ಟೇ. ಸಿಲ್ವರ್‌ಗೆ ಆ ತಾಪತ್ರಯ ಇಲ್ಲ. ಆದರೆ ನಮ್ಮ ಸಿಲ್ವರ್‌ಗೆ 14 ಇಂಚಿನ ಬಾರ್ ಸಾಕೋ ಸಾಕು. ಅಂತೂ ಕಡಿಯಬಾರದ ಮರಕ್ಕೆ ಸರಿಯಾದ ಮಿಷನ್ ತಂದಿದ್ದೆ.

ಆ ಮಿಷನ್ ಎರಡು ವರ್ಷ ಪರವಾಗಿಲ್ಲ ಅನ್ನುವ ಹಾಗೆ ಓಡಿತು. ಆಮೇಲೆ ಬಂತು 2019ರ ಆಗಸ್ಟ್.

ಆ ಮಳೆಯನ್ನು ನಮ್ಮ ತಾಲ್ಲೂಕಿನವರು ಮರೆಯುವುದಿಲ್ಲ. ಗುಡ್ಡಗಳೇ ಜಾರಿ ಮನೆ ತೋಟ ಎಲ್ಲ ಕೊಚ್ಚಿಹೋದವು. ಚಾರ್ಮಾಡಿ ಘಾಟಿ ಮುಚ್ಚಿತು. ದೇವರ ದಯೆ, ನಮ್ಮ ತೋಟದಲ್ಲಿ ಮಣ್ಣು ಕುಸಿಯಲಿಲ್ಲ. ಆದರೆ ಮನೆಗೆ ಬರುವ ದಾರಿಗೆ ಅಡ್ಡಲಾಗಿ ಒಂದು ಹಾಲವಾಣದ ಮರ, ಅದರ ಮೇಲೆ ಎರಡು ಸಿಲ್ವರ್ ಬಿದ್ದವು. ವಿದ್ಯುತ್ ಕಂಬವೂ ಅವುಗಳ ಜೊತೆ ಮಲಗಿತು. ಅಮ್ಮನ ಬಿಪಿ ಮಾತ್ರೆ ಮುಗಿಯುತ್ತಾ ಬಂದಿತ್ತು. ಜೀಪ್ ಹೊರಗೆ ಹೋಗಬೇಕಿತ್ತು.

ಮಿಷನ್ ಹೊರಗೆ ತೆಗೆದೆ. ಚೋಕ್ ಎಳೆದೆ. ಪೆಟ್ರೋಲ್ ಎಳೆಯುವ ರಬ್ಬರ್ ಗುಂಡಿ, ಪ್ರೈಮರ್ ಬಲ್ಬ್, ಹತ್ತು ಸಲ ಒತ್ತಿದೆ. ಹಗ್ಗ ಎಳೆದೆ. ಒಂದು, ಎರಡು, ಹತ್ತು, ಇಪ್ಪತ್ತು. ಒಂದು ಸಲ ಕೆಮ್ಮಿತು, ಅಷ್ಟೇ. ಪ್ಲಗ್ ಬಿಚ್ಚಿದೆ, ಒದ್ದೆ. ಒಲೆಯ ಹತ್ತಿರ ಇಟ್ಟು ಒಣಗಿಸಿ ಮತ್ತೆ ಹಾಕಿದೆ. ಮತ್ತೆ ಇಪ್ಪತ್ತು. ಅಣ್ಣನ ಮಗ ಎಳೆದ. ಅವನ ಕೈಯಲ್ಲಿ ಹಗ್ಗವೇ ಕಿತ್ತು ಬಂತು. ಕೊನೆಗೆ ಕೊಡಲಿ ಕತ್ತಿ ಹಿಡಿದು, ಮಳೆಯಲ್ಲಿ ನೆನೆಯುತ್ತಾ, ಕಾಲಿಗೆ ಹತ್ತಿದ ಜಿಗಣೆ ಕೀಳುತ್ತಾ, ಮೂರು ಜನ ಅರ್ಧ ದಿನ ಕಡಿದೆವು.

ಮಳೆ ಕಡಿಮೆಯಾದ ಮೇಲೆ ಕಳೆ ಕೊಯ್ಯುವ ವೀಡ್ ಕಟ್ಟರ್ ರಿಪೇರಿ ಮಾಡುವ ಹುಡುಗನ ಹತ್ತಿರ ಮಿಷನ್ ಒಯ್ದೆ. ಅವನು ಕಾರ್ಬೊರೇಟರ್ ಬಿಚ್ಚಿ ನನ್ನ ಮುಂದೆ ಹಿಡಿದ. ಒಳಗೆ ಜೇನಿನ ಬಣ್ಣದ ಅಂಟು. ತೆಳ್ಳಗಿನ ರಬ್ಬರ್ ಪರದೆ ಹಪ್ಪಳದ ಹಾಗೆ ಸೆಟೆದುಕೊಂಡಿತ್ತು. "ಕೊನೇ ಸಲ ಯಾವಾಗ ಓಡಿಸಿದ್ರಿ ಅಣ್ಣಾ?" ಅಂದ. ಮೇ ತಿಂಗಳು ಅಂದೆ. "ಟ್ಯಾಂಕ್ ಖಾಲಿ ಮಾಡಿ ಇಟ್ಟಿದ್ರಾ?" ಇಲ್ಲ ಅಂದೆ. "ಇದು ಓಡಿಸಿ ಕೆಟ್ಟಿದ್ದಲ್ಲ ಅಣ್ಣಾ, ಕೂರಿಸಿ ಕೆಟ್ಟಿದ್ದು" ಅಂದ.

ಪೆಟ್ರೋಲ್ ಮಿಷನ್ ಪರ ವಾದಿಸುವವರು ಮೊದಲು ಹೇಳುವ ಮಾತು ಇದು: ಕರೆಂಟ್ ಇಲ್ಲದಿದ್ದರೂ ನಡೆಯುತ್ತೆ, ಮಳೆಗಾಲದ ಕಷ್ಟಕ್ಕೆ ಒದಗುತ್ತೆ. ಮಾತು ನಿಜ. ಆದರೆ ವಾರಕ್ಕೊಮ್ಮೆಯಾದರೂ ಓಡಿಸುವವನಿಗೆ ನಿಜ. ನನ್ನಂಥವನ ಕೈಯಲ್ಲಿ ಮೂರು ತಿಂಗಳು ಮೂಲೆಯಲ್ಲಿ ಕೂತ ಮಿಷನ್ ಬೇಕಾದ ದಿನವೇ ಕೈ ಕೊಡುತ್ತೆ. ಈಗಂತೂ ಇನ್ನೂ ಕಷ್ಟ. ಬಂಕಿನ ಪೆಟ್ರೋಲಿನಲ್ಲಿ ಈಗ ನೂರಕ್ಕೆ 20 ಪಾಲು ಎಥೆನಾಲ್. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತೆ. ನಮ್ಮ ಮಳೆಗಾಲದ ಗಾಳಿಯಲ್ಲಿ ತೇವಕ್ಕೇನು ಬರ? ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ.

ಆ ಮಿಷನ್ ಸತ್ತಿದ್ದು ಮಾತ್ರ ಬೇರೆ ಕಾರಣಕ್ಕೆ. 2020ರ ಜನವರಿ, ಕಾಫಿ ಕೊಯ್ಲಿನ ಗಡಿಬಿಡಿ. ನಾನು ಕಣದಲ್ಲಿದ್ದೆ. ದಾರಿಗೆ ಬಾಗಿದ್ದ ಕೊಂಬೆ ತೆಗೀರಿ ಅಂತ ಕೆಲಸದವರಿಗೆ ಹೇಳಿದ್ದೆ. ಟ್ಯಾಂಕ್ ಖಾಲಿ ಇತ್ತು. ಒಬ್ಬ ಬೈಕಿಗೆ ಅಂತ ಇಟ್ಟಿದ್ದ ಕ್ಯಾನಿನಿಂದ ಬರೀ ಪೆಟ್ರೋಲ್ ಹೊಯ್ದ. ಇದು ಟೂ ಸ್ಟ್ರೋಕ್ ಎಂಜಿನ್. ಬೈಕಿನ ಹಾಗೆ ಇದಕ್ಕೆ ಬೇರೆ ಎಂಜಿನ್ ಆಯಿಲ್ ಇರುವುದಿಲ್ಲ. ಪೆಟ್ರೋಲಿನಲ್ಲಿ ಕಲಸಿದ ಟೂಟಿ ಆಯಿಲ್ಲೇ ಅದರ ಜೀವ. ಹದಿನೈದು ನಿಮಿಷ ಓಡಿತಂತೆ. ಆಮೇಲೆ ಕಿರ್ ಅಂದು ನಿಂತಿತು. ಪಿಸ್ಟನ್ ಮೇಲೆ ಉಗುರಿನಿಂದ ಪರಚಿದ ಹಾಗೆ ಗೆರೆಗಳು. ಅವನನ್ನು ಬೈದು ಏನು ಪ್ರಯೋಜನ? ಎರಡು ಕ್ಯಾನ್ ಒಂದೇ ಬಣ್ಣದ್ದು ಇಟ್ಟವನು ನಾನು.

ಎರಡನೆಯದೂ ಪೆಟ್ರೋಲ್ ಮಿಷನ್ನೇ. ಈ ಸಲ ಬುದ್ಧಿ ಬಂದಿತ್ತು. ಹೆಸರುವಾಸಿ ಕಂಪನಿಯ ಸಣ್ಣದು, 32 ಸಿಸಿ ಆಸುಪಾಸು, 16 ಇಂಚಿನ ಬಾರ್, ಎಂಜಿನ್ ತೂಕ ನಾಲ್ಕು ಕೆಜಿಯ ಹತ್ತಿರ. ಬೆಲೆ ಮೊದಲಿನದ್ದರ ಎರಡೂವರೆ ಪಟ್ಟು. ಇದಕ್ಕೆ ಲೀಟರಿಗೆ 20 ಮಿಲಿ ಆಯಿಲ್, ಅಂದರೆ ಐವತ್ತಕ್ಕೆ ಒಂದು. ಮೊದಲಿನದ್ದಕ್ಕೆ ಲೀಟರಿಗೆ 40 ಮಿಲಿ ಹಾಕು ಅಂದಿದ್ದರು. ಮಿಷನ್ ಒಳ್ಳೆಯದು, ಸುಳ್ಳು ಹೇಳಬಾರದು. ಇವತ್ತಿಗೂ ಇದೆ. ಆದರೆ ನಾನು ಬದಲಾಗಿರಲಿಲ್ಲ. ಮೂರು ತುಂಡು ಸೌದೆಗೆ ಯಾರು ಪೆಟ್ರೋಲ್ ಕಲಸಿ, ಕಿವಿಗೆ ಮುಚ್ಚಳ ಹಾಕಿ, ಹಗ್ಗ ಎಳೆಯುತ್ತಾರೆ ಅಂತ ಕತ್ತಿ ಹಿಡಿಯುತ್ತಿದ್ದೆ. ಮಿಷನ್ ಮತ್ತೆ ಮೂಲೆ ಸೇರುತ್ತಿತ್ತು.

ಬ್ಯಾಟರಿ ಮಿಷನ್ ಮೊದಲು ಹಿಡಿದಿದ್ದು ಸಕಲೇಶಪುರದ ಭಾವನ ಮನೆಯಲ್ಲಿ. ಭಾವನ ಹತ್ತಿರ ಅದೇ ಕಂಪನಿಯ ಡ್ರಿಲ್ ಇತ್ತು. ಅದರ ಬ್ಯಾಟರಿಯೇ ಇದಕ್ಕೂ ಆಗುತ್ತೆ ಅಂತ ತಗೊಂಡಿದ್ದರು. ನನಗೆ ನಗು ಬಂತು. ಆಟದ ಸಾಮಾನಿನ ಹಾಗೆ ಕಾಣುತ್ತಿತ್ತು. "ನಗು, ಆಮೇಲೆ ಹಿಡಿದು ನೋಡು" ಅಂದರು ಭಾವ. ಅಂಗಳದಲ್ಲಿ ಒಂದು ಹಲಸಿನ ಕೊಂಬೆ ಬಿದ್ದಿತ್ತು, ತೊಡೆಯ ದಪ್ಪ. ಬಟನ್ ಒತ್ತಿದೆ. ಮಿಕ್ಸಿ ಹಾಕಿದ ಹಾಗೆ ಸದ್ದು. ಹಳದಿ ಹೊಟ್ಟು ಕಾಲ ಮೇಲೆ ಸುರಿಯಿತು. ಕೊಂಬೆ ಎರಡಾಯಿತು. ಬಟನ್ ಬಿಟ್ಟೆ, ಸದ್ದೇ ಇಲ್ಲ. ಒಳಗಿನಿಂದ ಅಕ್ಕ ಕಾಫಿಗೆ ಕರೆದಿದ್ದು ಕೇಳಿಸಿತು. ಪೆಟ್ರೋಲ್ ಮಿಷನ್ ಹಿಡಿದಾಗ ಯಾರು ಕೂಗಿದರೂ ನನಗೆ ಕೇಳಿಸಿದ್ದೇ ಇಲ್ಲ.

2022ರಲ್ಲಿ ನಾನೂ ತಂದೆ. 18 ವೋಲ್ಟಿನ ಎರಡು ಬ್ಯಾಟರಿ ಒಟ್ಟಿಗೆ ಹಾಕಿದರೆ 36 ವೋಲ್ಟ್. ಒಂದೊಂದರ ಸಾಮರ್ಥ್ಯ 5 ಆಂಪಿಯರ್ ಅವರ್. ಬಾರ್ 14 ಇಂಚು. ಚಾರ್ಜರ್ ಸೇರಿ 40,000 ರೂಪಾಯಿ ಹತ್ತಿರ ಬಿತ್ತು. ಮನೆಯಲ್ಲಿ ಬೆಲೆ ಹೇಳಲು ಮೂರು ದಿನ ಬೇಕಾಯಿತು. ಅದರಲ್ಲಿ ಅರ್ಧದಷ್ಟು ಬರೀ ಬ್ಯಾಟರಿ ಮತ್ತು ಚಾರ್ಜರ್ ಬೆಲೆ. ಇದನ್ನು ಕೊಳ್ಳುವವರು ಗಮನಿಸಬೇಕು. ಒಂದು ಕಂಪನಿಯ ಬ್ಯಾಟರಿ ಇನ್ನೊಂದಕ್ಕೆ ಕೂರುವುದಿಲ್ಲ. ಹಾಗಾಗಿ ಮಿಷನ್ ಆರಿಸುವಾಗಲೇ ಮುಂದೆ ತಗೊಳ್ಳುವ ಡ್ರಿಲ್, ಸ್ಪ್ರೇಯರ್, ವೀಡ್ ಕಟ್ಟರ್ ಯಾವ ಕಂಪನಿಯದ್ದು ಅನ್ನುವುದೂ ತೀರ್ಮಾನ ಆದ ಹಾಗೆ.

ತಂದ ಮೊದಲ ದಿನವೇ ಒಂದು ಪರೀಕ್ಷೆ ಮಾಡಿದೆ. ಒಣಗಿದ ಸಿಲ್ವರ್ ಗಳಗಳು ಬಿದ್ದಿದ್ದವು, ಐದು ಇಂಚು ದಪ್ಪ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಅದು ನಿಲ್ಲುವವರೆಗೂ ಕೊಯ್ದೆ. ಅಣ್ಣನ ಮಗ ಸೌದೆ ಕೊಟ್ಟಿಗೆಯ ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಾ ಹೋದ. 74 ತುಂಡು. ಆ ಗೆರೆಗಳು ಇವತ್ತೂ ಗೋಡೆಯಲ್ಲಿವೆ.

ಲೆಕ್ಕ ಹಾಕಿದರೆ ಬ್ಯಾಟರಿಯಲ್ಲಿ ಇರುವುದು ತೀರಾ ಕಡಿಮೆ. 36 ವೋಲ್ಟ್, 5 ಆಂಪಿಯರ್ ಅವರ್ ಅಂದರೆ 180 ವ್ಯಾಟ್ ಅವರ್. ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದರೆ 1,000 ವ್ಯಾಟ್ ಅವರ್, ಅದರ ಐದನೇ ಒಂದು ಪಾಲೂ ಇಲ್ಲ. ಒಂದು ಲೀಟರ್ ಪೆಟ್ರೋಲಿನಲ್ಲಿ ಒಂಬತ್ತು ಯೂನಿಟ್ಟಿನಷ್ಟು ಶಕ್ತಿ ಇದೆ. ಸಣ್ಣ ಟೂ ಸ್ಟ್ರೋಕ್ ಎಂಜಿನ್ ಅದರಲ್ಲಿ ಬಹುಪಾಲನ್ನು ಬಿಸಿ, ಹೊಗೆ, ಸದ್ದು ಮಾಡಿ ಹಾಳು ಮಾಡುತ್ತೆ. ಚೈನಿಗೆ ಸಿಗುವುದು ಒಂದೂವರೆ ಯೂನಿಟ್ ಅಂತ ಇಟ್ಟುಕೊಳ್ಳಿ. ಆಗಲೂ ನನ್ನ ಬ್ಯಾಟರಿ ಜೋಡಿ ಅಂದರೆ 120 ಮಿಲಿ ಪೆಟ್ರೋಲ್ ಅಷ್ಟೇ, ಅರ್ಧ ಲೋಟಕ್ಕೆ ಸ್ವಲ್ಪ ಜಾಸ್ತಿ. ಇದಕ್ಕೆ ಇಷ್ಟು ದುಡ್ಡಾ ಅಂತ ಅನಿಸುತ್ತೆ ಅಲ್ವಾ?

ಆದರೆ ನಮ್ಮ ಕೆಲಸದ ರೀತಿ ನೋಡಿ. ಕೊಂಬೆ ಕೊಯ್ಯುವುದು ಐದು ಸೆಕೆಂಡ್. ಅದನ್ನು ಕಾಫಿ ಗಿಡಕ್ಕೆ ಪೆಟ್ಟಾಗದ ಹಾಗೆ ಬಿಡಿಸಿ, ಎಳೆದು, ಬದಿಗೆ ಹಾಕುವುದು ಎರಡು ನಿಮಿಷ. ಆ ಎರಡು ನಿಮಿಷವೂ ಪೆಟ್ರೋಲ್ ಮಿಷನ್ ಗಡಗಡ ಅಂತ ಕುಡಿಯುತ್ತಲೇ ಇರುತ್ತೆ. ಆಫ್ ಮಾಡಿದರೆ ಮತ್ತೆ ಹಗ್ಗ. ಬ್ಯಾಟರಿ ಮಿಷನ್ ಕೊಯ್ಯುವ ಐದು ಸೆಕೆಂಡ್ ಮಾತ್ರ ಖರ್ಚು ಮಾಡುತ್ತೆ. ಮರಗಸಿ ಕೊಂಬೆ ತುಂಡು ಮಾಡುವ ದಿನ ಒಂದು ಜೋಡಿ ಬ್ಯಾಟರಿ ಬೆಳಿಗ್ಗೆಯಿಂದ ಊಟದ ಹೊತ್ತಿನ ತನಕ ಬರುತ್ತೆ. ಊಟ ಮಾಡಿ ಎಲೆಅಡಿಕೆ ಹಾಕುವಷ್ಟರಲ್ಲಿ ಮುಕ್ಕಾಲು ಗಂಟೆಗೆ ಚಾರ್ಜ್ ಆಗಿರುತ್ತೆ. ಅದೇ ದೊಡ್ಡ ದಿಮ್ಮಿಯನ್ನು ಬಿಡದೆ ಕೊಯ್ಯಲು ಹೋದರೆ ಹದಿನೈದು ನಿಮಿಷಕ್ಕೆ ಖಾಲಿ. ಬ್ಯಾಟರಿ ಬಿಸಿಯಾಗಿರುತ್ತೆ. ಚಾರ್ಜರಿಗೆ ಹಾಕಿದರೆ ತಣ್ಣಗಾಗುವವರೆಗೂ ತಗೊಳ್ಳುವುದೇ ಇಲ್ಲ.

ಕರೆಂಟ್ ಕತೆ. ಸಂಜೆ ಹೊತ್ತು ನಮ್ಮಲ್ಲಿ ವೋಲ್ಟೇಜ್ 170ಕ್ಕೆ ಇಳಿಯುತ್ತೆ. ಮೊದಲ ವಾರ ಚಾರ್ಜರ್ ಕೆಂಪು ದೀಪ ಮಿಣಕಿಸಿ ಮುಷ್ಕರ ಹೂಡಿತು. ಹಾಳಾಯಿತು ಅಂದುಕೊಂಡೆ. ಆಮೇಲೆ ಇನ್ವರ್ಟರ್ ಪ್ಲಗ್ಗಿಗೆ ಹಾಕಿ ನೋಡಿದೆ, ಸುಮ್ನೆ ಚಾರ್ಜ್ ಆಯಿತು. ಇದೇ ಮಳೆಗಾಲಕ್ಕೂ ದಾರಿಯಾಯಿತು. ಮನೆಯ ಇನ್ವರ್ಟರ್ ಬ್ಯಾಟರಿ 12 ವೋಲ್ಟ್, 150 ಆಂಪಿಯರ್ ಅವರ್. ಅಂದರೆ 1,800 ವ್ಯಾಟ್ ಅವರ್. ಅದರ ಎಂಟನೇ ಒಂದು ಪಾಲು ಕೊಟ್ಟರೆ ಗರಗಸ ಒಮ್ಮೆ ತುಂಬುತ್ತೆ. ಜೂನ್ ಹಿಡಿಯುತ್ತಿದ್ದ ಹಾಗೆ ಎರಡು ಜೋಡಿ ಬ್ಯಾಟರಿ ಚಾರ್ಜ್ ಮಾಡಿ ಇಡುತ್ತೇನೆ. ಎರಡನೇ ಜೋಡಿ ಆಮೇಲೆ ತಗೊಂಡಿದ್ದು. ದಾರಿಗೆ ಬಿದ್ದ ಒಂದು ಮರ ತೆಗೆಯಲು ಎರಡು ಜೋಡಿ ಬೇಕಾದಷ್ಟಾಯಿತು. ಇಲ್ಲಿಯವರೆಗೆ ಮೂರು ಮಳೆಗಾಲ ಅದರಲ್ಲೇ ಕಳೆದಿದ್ದೇನೆ. ಮಳೆಗಾಲ ಮುಗಿದ ಮೇಲೆ ಪೂರ್ತಿ ತುಂಬಿ ಇಡುವುದಿಲ್ಲ, ಅರ್ಧಕ್ಕೆ ಇಳಿಸಿ ಇಡುತ್ತೇನೆ. ಲಿಥಿಯಂ ಬ್ಯಾಟರಿ ತುಂಬಿಯೇ ಬಹಳ ದಿನ ಕೂತರೆ ಬೇಗ ಮುದಿಯಾಗುತ್ತೆ. ಮಿಷನ್ ಒದ್ದೆಯಾದರೆ ಬ್ಯಾಟರಿ ಬಿಚ್ಚಿ, ಅದರ ಲೋಹದ ಸಂಪರ್ಕ ತುದಿಗಳನ್ನು ಒಣಬಟ್ಟೆಯಲ್ಲಿ ಒರೆಸಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿಡುವುದು ರೂಢಿ. ಇಲ್ಲದಿದ್ದರೆ ನಮ್ಮ ಕಡೆ ಚಪ್ಪಲಿಗೂ ಬೂಷ್ಟು ಬರುತ್ತೆ, ಇದನ್ನು ಬಿಡುತ್ತದೆಯೇ?

ಬ್ಯಾಟರಿ ಅಂದರೆ ಆಯಿಲ್ ಗೀಯಿಲ್ ರಗಳೆ ಇಲ್ಲ ಅಂದುಕೊಳ್ಳುವವರಿದ್ದಾರೆ. ತಪ್ಪು. ಚೈನು ಬಾರು ಎರಡರಲ್ಲೂ ಒಂದೇ ಥರ. ಚೈನಿಗೆ ಎಣ್ಣೆ ಬೇಕೇ ಬೇಕು. ಇಲ್ಲದಿದ್ದರೆ ಬಾರ್ ನೀಲಿಗಟ್ಟುತ್ತೆ. ಬಹಳ ಜನ ಜೀಪಿನಿಂದ ಇಳಿಸಿದ ಕಪ್ಪು ಎಣ್ಣೆ ಹಾಕುತ್ತಾರೆ. ಅದರಲ್ಲಿ ಲೋಹದ ಪುಡಿ ಇರುತ್ತೆ. ಜೊತೆಗೆ ಆ ಎಣ್ಣೆ ಎಲ್ಲ ಹೋಗುವುದು ನಮ್ಮ ಗಿಡದ ಬುಡಕ್ಕೇ. ನಾನು ಶಾಣ್ಯಾತನ ಮಾಡಿ ಕೊಬ್ಬರಿ ಎಣ್ಣೆ ಹಾಕಿದೆ. ಅಕ್ಟೋಬರಿನಲ್ಲಿ ಚೆನ್ನಾಗಿ ನಡೆಯಿತು, ಹೊಟ್ಟು ಪರಿಮಳ ಬೇರೆ. ಡಿಸೆಂಬರ್ ಒಂದು ಬೆಳಿಗ್ಗೆ ಏಳು ಗಂಟೆಗೆ ಕೆಲಸ ಶುರು ಮಾಡಿದೆ. ಎರಡನೇ ತುಂಡಿಗೇ ಹೊಗೆ. ಚೈನ್ ಮುಟ್ಟಿದರೆ ಸುಡುತ್ತಿತ್ತು. ಎಣ್ಣೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರೆ ಒಳಗೆ ಬೆಳ್ಳಗೆ ತುಪ್ಪದ ಹಾಗೆ ಗಟ್ಟಿಯಾಗಿದೆ! ಬಚ್ಚಲಲ್ಲಿ ತಲೆಗೆ ಹಾಕುವ ಬಾಟಲಿ ಚಳಿಗಾಲದಲ್ಲಿ ಹೇಗಿರುತ್ತೆ ಅಂತ ದಿನಾ ನೋಡುವವನಿಗೆ ಅಷ್ಟು ಹೊಳೆಯಲಿಲ್ಲ. ಬಿಸಿಲಿಗೆ ಇಟ್ಟು ಕರಗಿಸಿ, ಬಸಿದು, ಅವತ್ತೇ ಪೇಟೆಗೆ ಹೋಗಿ ಚೈನ್ ಆಯಿಲ್ ತಂದೆ.

ಚೈನ್ ಅರ ಹಾಕುವುದೂ ಹಾಗೆಯೇ, ಎರಡಕ್ಕೂ ಬೇಕು. ಬ್ಯಾಟರಿಗೆ ಇನ್ನೂ ಜಾಸ್ತಿ ಬೇಕು ಅಂತ ನನ್ನ ಅನುಭವ. ಪೆಟ್ರೋಲ್ ಮಿಷನ್ ಮೊಂಡು ಚೈನನ್ನೂ ತನ್ನ ಬಲದಿಂದ ಹೇಗೋ ಎಳೆದುಕೊಂಡು ಹೋಗುತ್ತೆ. ಬ್ಯಾಟರಿಯದ್ದು ಮೊಂಡು ಚೈನಿನಲ್ಲಿ ಅರ್ಧ ಹೊತ್ತಿಗೇ ಖಾಲಿ. ನನ್ನ ಚೈನಿಗೆ 4 ಎಂಎಂ ದುಂಡು ಅರ. ಪ್ರತಿ ಸಲ ಬ್ಯಾಟರಿ ಬದಲಾಯಿಸುವಾಗ ಹಲ್ಲಿಗೆ ಎರಡು ಸಲ, ಒಳಗಿನಿಂದ ಹೊರಕ್ಕೆ, ಓರೆಯಾಗಿ. ಹೊಟ್ಟು ನೋಡಿದರೆ ಗೊತ್ತಾಗುತ್ತೆ. ಅವಲಕ್ಕಿಯ ಹಾಗೆ ಬಂದರೆ ಚೈನ್ ಹರಿತ. ರಾಗಿ ಹಿಟ್ಟಿನ ಹಾಗೆ ಬಂದರೆ ಅರ ಹಿಡಿಯಬೇಕು. ಬೈನೆ ಮರ, ಅಡಿಕೆ ಮರ ಕೊಯ್ದ ದಿನ ಚೈನ್ ಹಿಟ್ಟೇ ಉದುರಿಸುತ್ತೆ. ಆ ಹೊರಗಿನ ನಾರು ಕಬ್ಬಿಣ ಇದ್ದ ಹಾಗೆ. ಹಸಿ ಹಾಲವಾಣ ಇನ್ನೊಂದು ಥರದ ಶತ್ರು. ಮೆತ್ತಗೆ ಕೊಯ್ಯುತ್ತೆ, ಆದರೆ ಒದ್ದೆ ನಾರು ಹಲ್ಲುಚಕ್ರದ ಸುತ್ತ ತುಂಬಿ ಚೈನ್ ಸಿಕ್ಕಿಹಾಕಿಕೊಳ್ಳುತ್ತೆ.

ಕಾಂಡ ಕೊರಕದ ಗಿಡಗಳ ವಿಷಯ ಹೇಳದಿದ್ದರೆ ಅರೇಬಿಕಾದವರು ಕ್ಷಮಿಸುವುದಿಲ್ಲ. ಕಾಂಡದ ಮೇಲೆ ಉಬ್ಬಿದ ಗೆರೆ ಕಂಡ ಗಿಡವನ್ನು ಕಿತ್ತು, ತುಂಡು ಮಾಡಿ ಸುಡಬೇಕು. ಏಪ್ರಿಲ್ ಹೊತ್ತಿಗೆ ಒಳಗಿನ ದುಂಬಿ ಹೊರಗೆ ಹಾರುವ ಮೊದಲೇ ಮುಗಿಸಬೇಕು. ಕಾಫಿ ಮರ ಗಟ್ಟಿ, ಕತ್ತಿ ಚಿಮ್ಮುತ್ತೆ. ಈ ಕೆಲಸಕ್ಕೆ ಬ್ಯಾಟರಿ ಮಿಷನ್ನಿಗೆ ಸಾಟಿಯಿಲ್ಲ. ಸಾಲಿನಲ್ಲಿ ನಡೆಯುತ್ತಾ, ಕಂಡಲ್ಲಿ ನಿಂತು, ಬಟನ್ ಒತ್ತಿ, ಮುಂದೆ ಹೋಗಬಹುದು. ಒಂದೇ ಎಚ್ಚರ, ಚೈನ್ ಮಣ್ಣಿಗೆ ತಾಗಬಾರದು. ಒಮ್ಮೆ ತಾಗಿದರೆ ಅವತ್ತಿನ ಹರಿತ ಮುಗಿಯಿತು. ಇಲ್ಲೊಂದು ತಮಾಷೆ ಇದೆ. ಈಗಿನ ಚೈನಿನ ಹಲ್ಲಿನ ಆಕಾರ ಹುಟ್ಟಿದ್ದೇ ಮರ ಕೊರೆಯುವ ಹುಳ ನೋಡಿ. ಅಮೆರಿಕದ ಜೋಸೆಫ್ ಕಾಕ್ಸ್ ಅನ್ನುವ ಮರ ಕಡಿಯುವವನು ಒಂದು ಬೊಡ್ಡೆಯಲ್ಲಿ ಹುಳ ಎಡಕ್ಕೂ ಬಲಕ್ಕೂ ಕೊರೆಯುತ್ತಾ ಹೋಗುವುದನ್ನು ಗಮನಿಸಿ, ಅದೇ ಥರ ಎಡ ಬಲ ಹಲ್ಲಿನ ಚೈನ್ ಮಾಡಿ 1947ರಲ್ಲಿ ಮಾರಲು ಶುರು ಮಾಡಿದ. ಹುಳದಿಂದ ಕಲಿತ ಚೈನಿನಿಂದ ನಾನು ಹುಳದ ಗಿಡ ಕೊಯ್ಯುತ್ತಿದ್ದೇನೆ. ಇನ್ನೊಂದು: ಬ್ಯಾಟರಿ ಮಿಷನ್ ಹೊಸ ಶೋಕಿ ಅನ್ನುವವರಿಗೆ ನಾನು ಹೇಳುವುದು, ಜರ್ಮನಿಯಲ್ಲಿ ಆಂಡ್ರಿಯಾಸ್ ಸ್ಟೀಲ್ ಮೊದಲು ಮಾಡಿದ್ದೇ ಕರೆಂಟಿನ ಮಿಷನ್. 1926ರಲ್ಲಿ. 64 ಕೆಜಿ ತೂಕ, ಹಿಡಿಯಲು ಇಬ್ಬರು ಬೇಕು. ಪೆಟ್ರೋಲಿನದ್ದು ಮಾಡಿದ್ದು ಮೂರು ವರ್ಷ ಆದ ಮೇಲೆ.

ಈಗ ಹೆದರಿಕೆಯ ಮಾತು. ಬ್ಯಾಟರಿ ಮಿಷನ್ನಿನ ದೊಡ್ಡ ಅಪಾಯ ಅದರ ಮೌನ. ಪೆಟ್ರೋಲ್ ಮಿಷನ್ ಬದುಕಿದ್ದರೆ ಊರಿಗೆಲ್ಲ ಗೊತ್ತಾಗುತ್ತೆ. ಇದು ಸತ್ತ ಹಾಗೆ ಬಿದ್ದಿರುತ್ತೆ, ಬೆರಳು ತಾಗಿದರೆ ಎದ್ದು ಬರುತ್ತೆ. ಒಂದು ಮಧ್ಯಾಹ್ನ ಚೈನ್ ಸಡಿಲ ಆಗಿತ್ತು. ಬ್ಯಾಟರಿ ತೆಗೆಯದೆಯೇ ಎಡಗೈಯಲ್ಲಿ ಚೈನ್ ಎತ್ತಿ ನೋಡುತ್ತಿದ್ದೆ. ಬಲಗೈ ಹಿಡಿಯಲ್ಲಿತ್ತು. ಲಾಕ್ ಬಟನ್ ಇರುತ್ತೆ ನಿಜ, ಆದರೆ ಅಭ್ಯಾಸವಾದ ಹೆಬ್ಬೆರಳು ತಾನಾಗಿಯೇ ಅದನ್ನು ಒತ್ತಿಬಿಡುತ್ತೆ. ಒಂದೇ ಕ್ಷಣ ತಿರುಗಿತು. ಕೈಗವಸಿನ ತೋರುಬೆರಳು ಸೀಳಿ ಹೋಯಿತು. ಬೆರಳಿಗೆ ಬರೀ ಗೀರು. ಅವತ್ತು ರಾತ್ರಿ ಊಟ ಸೇರಲಿಲ್ಲ. ಆಮೇಲಿಂದ ನಮ್ಮಲ್ಲಿ ಒಂದು ಕಟ್ಟಳೆ. ಚೈನ್ ಮುಟ್ಟುವ ಮೊದಲು ಎರಡೂ ಬ್ಯಾಟರಿ ಬಿಚ್ಚಿ ನೆಲದ ಮೇಲೆ ಕಣ್ಣಿಗೆ ಕಾಣುವ ಹಾಗೆ ಇಡಬೇಕು. ಕೆಲಸ ಮುಗಿದ ಮೇಲೆ ಬ್ಯಾಟರಿ ಒಂದು ಕಡೆ, ಮಿಷನ್ ಇನ್ನೊಂದು ಕಡೆ. ಮನೆಯಲ್ಲಿ ಮಕ್ಕಳಿದ್ದಾರೆ.

ಬಾರಿನ ಮೂತಿಯ ಮೇಲ್ಭಾಗ ಮರಕ್ಕೆ ತಾಗಿದರೆ ಮಿಷನ್ ಹಿಂದಕ್ಕೆ, ಮುಖದ ಕಡೆಗೆ ಒದೆಯುತ್ತೆ. ಪೆಟ್ರೋಲ್ ಇರಲಿ ಬ್ಯಾಟರಿ ಇರಲಿ, ಒದೆತ ಒಂದೇ. ಹಗುರ ಅಂತ ಒಂದು ಕೈಯಲ್ಲಿ ಹಿಡಿಯುವ ಚಟ ಬ್ಯಾಟರಿಯವರಿಗೆ ಬೇಗ ಬರುತ್ತೆ. ಈಗ ಎರಡು ಮೂರು ಸಾವಿರಕ್ಕೆ ಅಂಗೈ ಅಗಲದ ಬಾರಿನ ಪುಟಾಣಿ ಮಿಷನ್‌ಗಳು ಬಂದಿವೆ. ಮರಗಸಿಗೆ ಬಂದ ಹುಡುಗ ಒಬ್ಬ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಿಲ್ವರ್ ಹತ್ತಲು ಹೊರಟ. ಬೇಡ ಮಾರಾಯ, ಇಳಿ ಅಂದೆ. ಮೂವತ್ತು ಅಡಿ ಮೇಲೆ ಒಂದು ಕೈ ಕೊಂಬೆಗೆ, ಒಂದು ಕೈ ತಿರುಗುವ ಚೈನಿಗೆ. ಅದೂ ಏಣಿಯ ಮೇಲೆ, ಬರೀ ಹಗ್ಗದ ಆಸರೆಯಲ್ಲಿ. ಅವನು ಮುನಿಸಿಕೊಂಡ. ಕತ್ತಿ ಕೊಟ್ಟು ಕಳಿಸಿದೆ. ಮರದ ಮೇಲೆ ಕತ್ತಿ, ನೆಲದ ಮೇಲೆ ಮಿಷನ್. ನಮ್ಮ ತೋಟದಲ್ಲಿ ಇದನ್ನು ಯಾರಿಗೂ ಸಡಿಲಿಸುವುದಿಲ್ಲ.

ರಿಪೇರಿಯಲ್ಲಿ ಪೆಟ್ರೋಲಿನದ್ದೇ ಮೇಲು, ಒಪ್ಪಬೇಕು. ವೀಡ್ ಕಟ್ಟರ್ ಬಿಚ್ಚಬಲ್ಲ ಯಾವ ಹುಡುಗನೂ ಅದನ್ನು ಬಿಚ್ಚುತ್ತಾನೆ. ಬ್ಯಾಟರಿಯದ್ದರ ಚಾರ್ಜರ್ ಸಿಡಿಲಿಗೆ ಸುಟ್ಟಿತು. ತಪ್ಪು ನನ್ನದೇ, ಪ್ಲಗ್ ಕಿತ್ತಿರಲಿಲ್ಲ. ತಗೊಂಡ ಅಂಗಡಿಗೆ ಒಯ್ದರೆ ಮೇಲೆ ಕಳಿಸುತ್ತೇವೆ ಅಂದರು. ಆ "ಮೇಲೆ" ಎಲ್ಲಿದೆಯೋ ಗೊತ್ತಿಲ್ಲ, ಬರಲು 47 ದಿನ ಹಿಡಿಯಿತು. ಅಷ್ಟೂ ದಿನ ಭಾವನ ಮನೆಗೆ ಬ್ಯಾಟರಿ ಚಾರ್ಜಿಗೆ ಕಳಿಸುತ್ತಿದ್ದೆ, ಹಿಂದಿನವರು ಭತ್ತ ಮಿಲ್ಲಿಗೆ ಕಳಿಸಿದ ಹಾಗೆ.

ಹಾಗಾದರೆ ದೊಡ್ಡ ಮರ? ಅದಕ್ಕೆ ಮಿಷನ್ ಹಿಡಿಯುವುದೇ ಕಸುಬಾಗಿರುವ ಒಬ್ಬರು ಇದ್ದಾರೆ. ದಿನಕ್ಕೆ 2,500 ಕೊಡುತ್ತೇನೆ. ಅವರ ಪೆಟ್ರೋಲ್ ಮಿಷನ್ ದಿನಾ ಓಡುತ್ತೆ, ಅದಕ್ಕೇ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತೆ. ಮರ ಯಾವ ಕಡೆ ವಾಲಿದೆ, ಎಲ್ಲಿ ಬಾಯಿ ತೆಗೆದರೆ ಮೆಣಸಿನ ಬಳ್ಳಿಗೆ ಪೆಟ್ಟಾಗದೆ ಬೀಳುತ್ತೆ ಅಂತ ಅವರ ಕಣ್ಣಿಗೆ ಗೊತ್ತು. ಅದು ಎಂಟು ಸಾವಿರಕ್ಕೂ ಸಿಗುವುದಿಲ್ಲ, ನಲವತ್ತು ಸಾವಿರಕ್ಕೂ ಸಿಗುವುದಿಲ್ಲ. ಅವರು ಉರುಳಿಸಿ ಹೋಗುತ್ತಾರೆ. ತುಂಡು ಮಾಡುವುದು ನಾನು. ಒಮ್ಮೆ ನನ್ನ ಮಿಷನ್ ಹಿಡಿದು ನೋಡಿ, "ಸದ್ದೇ ಇಲ್ವಲ್ಲ ಸಾರ್, ಇದು ಮರಗಳ್ಳರಿಗೆ ಸರಿಹೋಯ್ತು" ಅಂದರು.

ನನ್ನ 32 ಸಿಸಿ ಪೆಟ್ರೋಲ್ ಮಿಷನ್ ಮಾರಿಲ್ಲ. ದಿಮ್ಮಿಯ ಬುಡದ ಭಾಗಕ್ಕೆ ಬೇಕಾಗುತ್ತೆ. ಆದರೆ ಈಗ ಅದನ್ನು ಸಾಕುವ ರೀತಿ ಬೇರೆ. ಕ್ಯಾನ್ ಕೆಂಪು ಬಣ್ಣದ್ದು, ಅದರ ಮೇಲೆ ದೊಡ್ಡದಾಗಿ "ಮಿಷನ್" ಅಂತ ಬರೆದಿದೆ. ಅರ್ಧ ಲೀಟರಿಗಿಂತ ಜಾಸ್ತಿ ಕಲಸುವುದಿಲ್ಲ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆರುವವರೆಗೂ ಓಡಿಸಿ ಇಡುತ್ತೇನೆ. ತಿಂಗಳಿಗೊಂದು ಭಾನುವಾರ ಎರಡು ಚಮಚ ಪೆಟ್ರೋಲ್ ಹಾಕಿ ಐದು ನಿಮಿಷ ಓಡಿಸುತ್ತೇನೆ. ನಾಯಿ ಬೊಗಳುತ್ತೆ. ಹೆಂಡತಿ ಕಿಟಕಿ ಮುಚ್ಚುತ್ತಾಳೆ.

ಬ್ಯಾಟರಿ ಮಿಷನ್ನಿಗೆ ಈಗ ಮೂರು ವರ್ಷ ದಾಟಿದೆ. ಹೋದ ವಾರ ಹಳೇ ಜೋಡಿ ತುಂಬಿ, ಅದೇ ಐದು ಇಂಚಿನ ಸಿಲ್ವರ್ ಗಳ ಹಾಕಿ, ಚೈನ್ ಅರ ಹಾಕಿ ಮತ್ತೆ ಎಣಿಸಿದೆ. ಅಣ್ಣನ ಮಗ ಈಗ ಮಂಗಳೂರಿನಲ್ಲಿ ಓದುತ್ತಿದ್ದಾನೆ, ಗೆರೆ ನಾನೇ ಹಾಕಿಕೊಂಡೆ. ಹಳೇ ಗೆರೆಗಳ ಕೆಳಗೇ ಹಾಕಿದೆ. 61ಕ್ಕೆ ನಿಂತಿತು.